ಕಾಲು ಗಂಟೆಯ ಕಾಳಗ, ಮರೆತುಹೋದ ‘ಅರ್ಧರಾಜ’



ಅಮೆರಿಕದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ನಿಮ್ಮಲ್ಲಿ ಕೆಲವರು ಹೋಗಿ ಬಂದಿರಬಹುದು. ಆ ಊರಿನ ದಕ್ಷಿಣ ದಿಕ್ಕಿಗೆ, ಕಾಡಿನ ನಡುವೆ, ಬಂಡೆಗಳ ಅಡಿಯಲ್ಲಿ ಒಂದು ಸಣ್ಣ ಕಣಿವೆಯಿದೆ. ಹೆಸರು ಜುಮೊನ್‌ವಿಲ್ ಗ್ಲೆನ್. 1754ರ ಮೇ 28ರ ಬೆಳಿಗ್ಗೆ ಅಲ್ಲೊಂದು ಕಾಳಗವಾಯಿತು. ಮುಗಿಯಲು ಕಾಲು ಗಂಟೆ ಸಾಕಾಯಿತು. ಅದರ ಕಿಡಿ ಮಾತ್ರ ನಮ್ಮ ಚೆನ್ನೈವರೆಗೂ ಹಾರಿತು!

ಒಹಾಯೊ ನದಿಯ ಸೀಮೆ ನಮ್ಮದೆಂದು ಫ್ರೆಂಚರೂ ಇಂಗ್ಲಿಷರೂ ಆಗ ಹಟ ಹಿಡಿದಿದ್ದರು. ಆದರೆ ಅಲ್ಲಿ ಬಾಳುತ್ತಿದ್ದವರು ಸೆನೆಕಾ, ಡೆಲವೇರ್, ಶಾನೀ ಮುಂತಾದ ಮೂಲನಿವಾಸಿಗಳು. ಇರೊಕ್ವಾ ಒಕ್ಕೂಟದ ಪರವಾಗಿ ಅಲ್ಲಿ ಮಾತಾಡುತ್ತಿದ್ದವನು ತನಘ್ರಿಸನ್. ಇಂಗ್ಲಿಷರು ಅವನನ್ನು ‘ಅರ್ಧರಾಜ’ ಎಂದು ಕರೆದರು. ಕೋಟೆ ಕಟ್ಟುತ್ತ ಮುಂದೆ ಬರುತ್ತಿದ್ದ ಫ್ರೆಂಚರನ್ನು ತಡೆಯಲು ಇಂಗ್ಲಿಷರ ಬಲ ಬೇಕೆಂಬುದು ಅವನ ಲೆಕ್ಕ.

ಫ್ರೆಂಚರ ಜಾಡು ಸಿಕ್ಕಿದೆಯೆಂದು ಮೇ 27ರ ರಾತ್ರಿ ಹೇಳಿಕಳಿಸಿದವನು ಅವನೇ. ಸುದ್ದಿ ಮುಟ್ಟಿದ್ದು 22 ವರ್ಷದ ಒಬ್ಬ ಅಧಿಕಾರಿಗೆ. ಹೆಸರು ಜಾರ್ಜ್ ವಾಷಿಂಗ್ಟನ್! ಸುಮಾರು 40 ಸೈನಿಕರೊಡನೆ ಆತ ಸುರಿಯುವ ಮಳೆಯಲ್ಲಿ, ಕಗ್ಗತ್ತಲಲ್ಲಿ ಹೊರಟ. ನಡುವೆಯೇ ಏಳು ಜನ ದಾರಿ ತಪ್ಪಿದರು. ಬೆಳಗಾಗುವಾಗ ಉಳಿದವರು ತನಘ್ರಿಸನ್ನನ ಬಿಡಾರ ಸೇರಿದರು. ಅವನ ಇಬ್ಬರು ಬೇಹಿನವರು ಮುಂದೆ ಹೋಗಿ ಫ್ರೆಂಚರು ಅಡಗಿದ್ದ ಜಾಗವನ್ನು ಕಂಡುಹಿಡಿದರು.

ವಾಷಿಂಗ್ಟನ್‌ನ ಸೈನಿಕರು ಮೇಲುಗಡೆ ನಿಂತರು. ಹನ್ನೆರಡರಷ್ಟಿದ್ದ ಮೂಲನಿವಾಸಿ ಯೋಧರು ಸುತ್ತು ಹಾಕಿ, ತಪ್ಪಿಸಿಕೊಳ್ಳುವ ದಾರಿಯನ್ನು ಕಟ್ಟಿದರು. ಗುಂಡು ಹಾರಿದಾಗ ಓಡಿದ ಫ್ರೆಂಚರು ಇವರಿಗೇ ಎದುರಾಗಿ ಹಿಂದಿರುಗಬೇಕಾಯಿತು. ಸತ್ತವರು 10, ಸೆರೆಯಾದವರು 21. ನಾಯಕ ಜುಮೊನ್‌ವಿಲ್ ಶರಣಾದ ಮೇಲೆ ತನಘ್ರಿಸನ್ನನ ಕೈಗೊಡಲಿಗೆ ಬಲಿಯಾದನೆಂದು ಆ ಕಾಲದ ಕೆಲವು ಹೇಳಿಕೆಗಳು ಹೇಳುತ್ತವೆ. ಅವನು ಪತ್ರ ತಂದ ರಾಯಭಾರಿ, ಇದು ಕೊಲೆ ಎಂದು ಫ್ರೆಂಚರು ದೂರಿದರು.

ಗೆಳೆತನ ಹೆಚ್ಚು ದಿನ ಬಾಳಲಿಲ್ಲ. ವಾಷಿಂಗ್ಟನ್ ಒಳ್ಳೆಯವನೇ, ಆದರೆ ಅನುಭವವಿಲ್ಲ. ನಮ್ಮ ಸಲಹೆ ಕೇಳದೆ ಆಳುಗಳಂತೆ ನಡೆಸಿಕೊಂಡ ಎಂಬುದು ತನಘ್ರಿಸನ್ನನ ದೂರು. ಅವನು ತನ್ನವರನ್ನು ಕರೆದುಕೊಂಡು ಹೊರಟುಹೋದ. ಜುಲೈ 3ರಂದು ಫೋರ್ಟ್ ನೆಸೆಸಿಟಿಯಲ್ಲಿ ವಾಷಿಂಗ್ಟನ್ ಫ್ರೆಂಚರಿಗೆ ಶರಣಾದ. ಅದೇ ಅಕ್ಟೋಬರ್‌ನಲ್ಲಿ ತನಘ್ರಿಸನ್ ಕಾಯಿಲೆಯಿಂದ ತೀರಿಕೊಂಡ.

ಕಿಡಿ ಆರಲಿಲ್ಲ. ಜಗಳ ಬೆಳೆದು 1756ರಲ್ಲಿ ಏಳು ವರ್ಷಗಳ ಯುದ್ಧವಾಯಿತು. ಅದೇ ಯುದ್ಧದಲ್ಲಿ ಫ್ರೆಂಚ್ ಸೇನಾಪತಿ ಲಾಲಿ 1758ರ ಡಿಸೆಂಬರ್‌ನಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಮುತ್ತಿಗೆ ಹಾಕಿದ. 1760ರಲ್ಲಿ ವಂದವಾಸಿಯಲ್ಲಿ ಸೋತ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಒಹಾಯೊ ಸೀಮೆ ಇಂಗ್ಲಿಷರ ಪಾಲಾಯಿತು. ಅಲ್ಲಿ ಬಾಳುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಚೆನ್ನೈನಲ್ಲಿ ಇರುವವರೇ, ಮುಂದಿನ ಸಲ ಆ ಕೋಟೆಯ ಮುಂದೆ ಬಸ್ಸಿನಲ್ಲಿ ಹೋಗುವಾಗ ತನಘ್ರಿಸನ್ನನನ್ನು ಒಮ್ಮೆ ನೆನೆಯಿರಿ. ನೆಲ ಉಳಿಸಿಕೊಳ್ಳಲೆಂದು ಅವನು ಒಬ್ಬ ಪರಕೀಯನ ಕೈ ಹಿಡಿದ. ನೆಲ ಉಳಿಯಲಿಲ್ಲ.