ಚೆಟ್ಟಿನಾಡಿನ ದೊಡ್ಡಮನೆಗಳು ಹೋಟೆಲುಗಳಾದ ಬಗೆ

ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕಾರೈಕುಡಿ, ಕಾನಾಡುಕಾತ್ತಾನ್ ಮೊದಲಾದ ಊರುಗಳಲ್ಲಿ ಇಂದು ಪ್ರವಾಸಿಗರು ತಂಗುವ ಪಾರಂಪರಿಕ ಹೋಟೆಲುಗಳಲ್ಲಿ ಹಲವು, ನಾಟುಕೋಟೆ ಚೆಟ್ಟಿಯಾರರೆಂಬ ಲೇವಾದೇವಿ ವರ್ತಕರು 19ನೆಯ ಶತಮಾನದ ಉತ್ತರಾರ್ಧದಿಂದ 1940ರ ಸುಮಾರಿನವರೆಗೆ ಕಟ್ಟಿಸಿದ ಮನೆಗಳು. ಬರ್ಮಾದ ಭತ್ತದ ಬೆಳೆಗಾರರಿಗೆ ಸಾಲ ಕೊಟ್ಟು ಗಳಿಸಿದ ಹಣವೇ, ಅಲ್ಲಿಂದ ಬಂದ ತೇಗದ ಕಂಬಗಳೂ ಇಟಲಿಯ ಅಮೃತಶಿಲೆಯೂ ಆಗಿ, ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೆಲೆನಿಂತಿತು.

ಒಂದು ಬೀದಿಯಿಂದ ಹಿಂದಿನ ಬೀದಿಯವರೆಗೂ ಚಾಚಿಕೊಂಡ ಈ ಮನೆಗಳು ಕನ್ನಡ ನಾಡಿನ ತೊಟ್ಟಿಮನೆಯ ಬಳಗಕ್ಕೆ ಸೇರಿದವು. ಜಗಲಿಯನ್ನು ದಾಟಿದರೆ ಗಂಡಸರು ಬಂದವರನ್ನು ಎದುರುಗೊಳ್ಳುತ್ತಿದ್ದ ಮುಗಪ್ಪು ಎಂಬ ಮುಂಭಾಗ, ಅದರಾಚೆ ವಳವು ಎಂಬ ಮೊದಲ ತೊಟ್ಟಿ, ಹಿಂದೆ ಊಟಕ್ಕೂ ಅಡುಗೆಗೂ ಮೀಸಲಾದ ತೊಟ್ಟಿಗಳು. ವಳವಿನ ಸುತ್ತಲಿನ ಪುಟ್ಟ ಕೋಣೆಗಳನ್ನು ಮದುವೆಯಾದ ಗಂಡುಮಕ್ಕಳಿಗೆ ಹಂಚಲಾಗುತ್ತಿತ್ತು. ಪುಳ್ಳಿ ಎಂದು ಕರೆಯಲಾಗುವ, ಕುಲದ ದೇವಸ್ಥಾನಕ್ಕೆ ವಂತಿಗೆ ಎತ್ತುವಾಗಲೂ ಲೆಕ್ಕಕ್ಕೆ ಬರುವ ಈ ದಂಪತಿ ಘಟಕವು ವಧುವಿನೊಡನೆ ಬಂದ ಪಾತ್ರೆಪಗಡ, ಒಡವೆ ವಸ್ತುಗಳನ್ನು ತನ್ನ ಕೋಣೆಯಲ್ಲಿಟ್ಟು ಬೀಗ ಹಾಕುತ್ತಿತ್ತು; ಮನೆಯ ಉಳಿದವರು ಸಾಮಾನ್ಯವಾಗಿ ತೊಟ್ಟಿಯ ಪಡಸಾಲೆಯಲ್ಲಿ ಮಲಗುತ್ತಿದ್ದರು. ಗಂಡಸರು ವರ್ಷಗಟ್ಟಲೆ ಕಡಲಾಚೆಯ ಅಂಗಡಿಗಳಲ್ಲಿ ಇರುತ್ತಿದ್ದುದರಿಂದ, ಈ ಮನೆಗಳ ವೈಭವವೆಲ್ಲ ಮದುವೆ, ಷಷ್ಟಿಪೂರ್ತಿಗಳಿಗೆ ಕುಲವೆಲ್ಲ ನೆರೆಯುವ ದಿನಗಳಿಗಾಗಿಯೇ ಇತ್ತೆಂದರೆ ತಪ್ಪಾಗದು.

1930ರ ಆರ್ಥಿಕ ಕುಸಿತದಲ್ಲಿ ಸಾಲ ತೀರಿಸಲಾಗದ ರೈತರ ಗದ್ದೆಗಳು ಚೆಟ್ಟಿಯಾರರ ಕೈಸೇರಿ, ಆ ದಶಕ ಮುಗಿಯುವ ವೇಳೆಗೆ ಕೆಳ ಬರ್ಮಾದ ಪ್ರಮುಖ ಭತ್ತದ ಜಿಲ್ಲೆಗಳ ಸುಮಾರು ಕಾಲುಭಾಗ ಭೂಮಿ ಅವರದಾಗಿತ್ತು. ಆದರೆ 1942ರ ಜಪಾನೀ ಆಕ್ರಮಣ ಅವರನ್ನು ಅಲ್ಲಿಂದ ಓಡಿಸಿತು, ಸ್ವತಂತ್ರ ಬರ್ಮಾದ ರಾಷ್ಟ್ರೀಕರಣ ಆ ಆಸ್ತಿಯನ್ನು ಇಲ್ಲವಾಗಿಸಿತು. ಇತ್ತ ಊರಿನಲ್ಲಿ ಒಂದೊಂದು ಮನೆಗೂ ಹತ್ತಾರು ವಾರಸುದಾರರಾದರು, ಎಲ್ಲರೂ ಒಪ್ಪದೆ ಹೆಂಚು ಕೈಯಾಡಿಸುವುದೂ ಕಷ್ಟವಾಯಿತು, ಅನೇಕ ಮನೆಗಳನ್ನು ಕೆಡವಿ ಕಂಬ, ಬಾಗಿಲುವಾಡಗಳನ್ನು ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಗಳಿಗೆ ಮಾರಲಾಯಿತು. ಆ ನಷ್ಟದ ಎದುರಿಗಿಟ್ಟು ನೋಡಿದಾಗಲೇ ಹೋಟೆಲಿನ ಬೆಲೆ ತಿಳಿಯುತ್ತದೆ.

ಹೋಟೆಲಾಗುವಾಗ ಹೆಚ್ಚು ಬದಲಾಗುವುದು ಅತಿಥಿ ಹಣ ತೆರುವ ಕೋಣೆಯೇ, ಏಕೆಂದರೆ ಉಗ್ರಾಣವಾಗಿದ್ದುದಕ್ಕೆ ಮಂಚವೂ ಸ್ನಾನಗೃಹವೂ ಬರಬೇಕು, ಕೆಲವೆಡೆ ನಡುಗೋಡೆಯನ್ನೂ ಒಡೆಯಬೇಕು. ಇದನ್ನು ಒಪ್ಪಬಹುದು, ಒಪ್ಪಲಾಗದ್ದು ಸುಣ್ಣದ ಗೋಡೆಗೆ ಸಿಮೆಂಟು ಮೆತ್ತುವುದು. ಸುಣ್ಣಕ್ಕೆ ಮೊಟ್ಟೆಯ ಬಿಳಿಭಾಗವನ್ನು ಬೆರೆಸಿ ಪದರಪದರವಾಗಿ ಬಳಿದು, ಕನ್ನಡಿಯ ಹೊಳಪು ಬರುವವರೆಗೆ ಉಜ್ಜಿದ ಹಳೆಯ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ ಗೋಡೆಯನ್ನು ಕೆಡಿಸುತ್ತದೆ. ನೆಲದ ವಿಷಯದಲ್ಲಿ ಈ ತೊಡಕಿಲ್ಲ. ಹತ್ತಿರದ ಆತ್ತಂಗುಡಿಯಲ್ಲಿ ಕುಶಲಕರ್ಮಿಗಳು ಇಂದಿಗೂ ಗಾಜಿನ ಹಲಗೆಯ ಮೇಲೆ ಲೋಹದ ಅಚ್ಚಿಟ್ಟು, ಅದರ ಕಂಡಿಗಳಿಗೆ ಬಣ್ಣದ ಸಿಮೆಂಟನ್ನು ಸುರಿದು, ಅಚ್ಚನ್ನೆತ್ತಿ, ಮೇಲೆ ಮರಳು ಸಿಮೆಂಟು ತುಂಬಿ, ಭಟ್ಟಿಯ ಹಂಗಿಲ್ಲದೆ ನೀರಿನಲ್ಲಿ ನೆನೆಹಾಕಿ ಟೈಲ್ಸ್ ಮಾಡುತ್ತಾರೆ; ಹೀಗಾಗಿ ವಳವಿನಲ್ಲಿ ಒಂದು ಒಡೆದರೆ ಅದೇ ಚಿತ್ತಾರದ ಇನ್ನೊಂದನ್ನು ಅದೇ ವಿಧಾನದಲ್ಲಿ ಅಲ್ಲೇ ಮಾಡಿಸಿ ಕೂರಿಸಬಹುದು.