ಹುಲಿಯ ಹೊಟ್ಟೆಯೊಳಗೆ ಯಾರ ವಿದ್ಯೆ?

ಆಪಲ್ ಕಂಪನಿಯ ಐಪಾಡ್ 2001ರಲ್ಲಿ ಮಾರುಕಟ್ಟೆಗೆ ಬಂದಾಗ, ಅಂಗೈಯಲ್ಲಿ ಹಿಡಿಯುವ ಆ ಹಾಡಿನ ಪೆಟ್ಟಿಗೆಯ ಮೇಲೆ ಕಂಡದ್ದು ಆಪಲ್ ಗುರುತು. ಒಳಗಿನ ತಂತ್ರಾಂಶದ ತಳಪಾಯ ಮಾತ್ರ ಪಿಕ್ಸೊ ಎಂಬ ಬೇರೊಂದು ಕಂಪನಿಯದು. ಯಂತ್ರದೊಳಗೆ ದುಡಿಯುವುದು ಯಾರ ವಿದ್ಯೆ ಎಂಬುದು ಹೊರಮೈ ನೋಡಿದರೆ ತಿಳಿಯದು. ಶ್ರೀರಂಗಪಟ್ಟಣದಲ್ಲಿ ಸಿಕ್ಕ ವಾದ್ಯಯಂತ್ರವೊಂದರ ಬಗೆಗೂ ಇದೇ ಪ್ರಶ್ನೆ ಎದ್ದಿದೆ. ಅದು ಟಿಪ್ಪುವಿನ ಹುಲಿ.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಅರಮನೆಯ ಸಂಗೀತದ ಕೋಣೆಯಲ್ಲಿ ಇದು ಬ್ರಿಟಿಷರ ಕೈಗೆ ಸಿಕ್ಕಿತು. ಸುಮಾರು 178 ಸೆಂ.ಮೀ. ಉದ್ದದ ಮರದ ಹುಲಿ, ಅಂಗಾತ ಬಿದ್ದ ಐರೋಪ್ಯನೊಬ್ಬನ ಮೇಲೆ ಎರಗಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಮನುಷ್ಯನ ಎಡಗೈ ಏರಿಳಿಯುತ್ತದೆ. ಅವನ ಬಾಯಿಂದ ನರಳಾಟ, ಹುಲಿಯ ತಲೆಯಿಂದ ಗುಟುರು ಹೊರಡುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ 18 ಸ್ವರಗಳ ಪುಟ್ಟ ಆರ್ಗನ್. ಅದರ ದಂತದ ಗುಂಡಿಗಳನ್ನು ಒತ್ತಿ ರಾಗ ನುಡಿಸಬಹುದು.

ಈ ಯಂತ್ರವಿದ್ಯೆ ಫ್ರೆಂಚರದೆಂದು ಹಲವರ ಊಹೆ. ಅದಕ್ಕೆ ಆಧಾರವೂ ಇದೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು 16ನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನು ಕೇಳಿದ್ದರು. ಆದರೆ ಆರ್ಗನ್ನಿನ ಮೂಲ ಹಿತ್ತಾಳೆ ಕೊಳವೆಗಳ ಲೋಹ ಪರೀಕ್ಷೆಯೂ ಕೆತ್ತನೆಯ ಶೈಲಿಯೂ ಬೇರೆ ಮಾತು ಹೇಳುತ್ತವೆ: ಇದು ಇಲ್ಲಿಯೇ ತಯಾರಾದದ್ದು. ಫ್ರೆಂಚರು ಉಪಾಯ ಹೇಳಿಕೊಟ್ಟಿರಬಹುದು. ಕೆಲಸ ಮಾಡಿದ ಕೈ ಈ ನಾಡಿನದು.

ಆದರೆ ಈ ಸಾಕ್ಷ್ಯ ವರ್ಷದಿಂದ ವರ್ಷಕ್ಕೆ ಸವೆದಿದೆ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಹುಲಿಯನ್ನು ಪ್ರದರ್ಶಿಸಲಾಯಿತು. ನೋಡಬಂದವರು ಹಿಡಿ ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ ಮೂಲದ ಹಿಡಿಯೇ ಕಾಣೆಯಾಯಿತು. ಎರಡನೆಯ ಮಹಾಯುದ್ಧದ ಬಾಂಬಿಗೆ ಛಾವಣಿ ಕುಸಿದು ಮರದ ಮೈ ನೂರಾರು ಚೂರಾಯಿತು. ಅದನ್ನು ಜೋಡಿಸಿ 1947ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕಿಟ್ಟರು. ದುರಸ್ತಿಗಳಲ್ಲಿ ಹಲವು ಕೊಳವೆಗಳೂ ಬದಲಾದವು. ರಿಪೇರಿಯ ಹೆಸರಿನಲ್ಲಿ ಮೂಲ ಕಾರ್ಯವಿಧಾನ ಬಹುಮಟ್ಟಿಗೆ ಅಳಿಸಿಹೋಗಿದೆ ಎಂಬುದು ಯಾಂತ್ರಿಕ ವಾದ್ಯಗಳ ತಜ್ಞ ಆರ್ಥರ್ ಆರ್ಡ್-ಹ್ಯೂಮ್ ಅವರ ಅಭಿಪ್ರಾಯ. ಹಾಗಾಗಿ ಇಂದು ಹುಲಿ ಹೊರಡಿಸುವ ದನಿ, ಟಿಪ್ಪು ಕೇಳಿದ ದನಿಯೇ ಎನ್ನುವಂತಿಲ್ಲ.

ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಶ್ರೀರಂಗಪಟ್ಟಣದಲ್ಲಿ ಉಳಿದಿರುವುದು ಅರಮನೆಯ ಅವಶೇಷ ಮಾತ್ರ. ಅದನ್ನು ಕಟ್ಟಿದ ಬಡಗಿಗಳ, ಕಂಚುಗಾರರ ಹೆಸರು ದಾಖಲಾಗಿಲ್ಲ. ಅವರ ಪರವಾಗಿ ಸಾಕ್ಷಿ ನುಡಿಯುತ್ತಿರುವುದು ಅವರ ಕೆತ್ತನೆ ಮತ್ತು ಅಳಿದುಳಿದ ಆ ಹಳೆಯ ಕೊಳವೆಗಳು.