ಅನಾನಸ್ ಮುಂದೆ ಕುರುಡಾದ ಪರೀಕ್ಷೆ: ಹಣ್ಣಿನ ರಸದ ಕಲಬೆರಕೆಯ ಕಥೆ

ಹಣ್ಣಿನ ರಸದ ಕಲಬೆರಕೆ ಬಗ್ಗೆ ಮಾತಾಡಿ ಅಂತ ತುಂಬಾ ಜನ ಕಾಮೆಂಟ್ ಹಾಕಿದ್ರಿ. ನಿಮ್ಮಲ್ಲಿ ಅರ್ಧ ಜನಕ್ಕೆ ಬೇಕಿದ್ದದ್ದು ‘ಮನೆಯಲ್ಲೇ ಕಂಡುಹಿಡಿಯೋ ಐದು ಉಪಾಯ’ ಅನ್ನೋದು ನನಗೆ ಗೊತ್ತು. ಅಂಥ ವಿಡಿಯೋ ಬೇಕಾದಷ್ಟಿವೆ. ನಾನು ಇತಿಹಾಸದ ದಾರಿಯಲ್ಲಿ ಬರ್ತೀನಿ, ಕೇರಳದಿಂದ ಶುರು ಮಾಡ್ತೀನಿ.

2006ರ ಆಗಸ್ಟ್ ತಿಂಗಳು. ದೆಹಲಿಯ ಸಿಎಸ್‌ಇ, ಅಂದ್ರೆ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್, 12 ರಾಜ್ಯಗಳಿಂದ 57 ತಂಪು ಪಾನೀಯದ ಬಾಟಲಿ ತಂದು ಪರೀಕ್ಷೆ ಮಾಡಿ, ಕೀಟನಾಶಕ ಇರಬೇಕಾದ ಮಿತಿಗಿಂತ ಸರಾಸರಿ 24 ಪಟ್ಟು ಇದೆ ಅಂತ ಹೇಳ್ತು. ಯಾವ ಮಿತಿ? ಬಿಐಎಸ್ ಸಮಿತಿ ಚರ್ಚಿಸಿ ತಯಾರು ಮಾಡಿಟ್ಟಿದ್ದ ಮಿತಿ. ಅಧಿಸೂಚನೆ ಮಾತ್ರ ಹೊರಬಿದ್ದಿರಲಿಲ್ಲ. ಈ ಸಣ್ಣ ವಿವರ ನೆನಪಿಟ್ಟುಕೊಳ್ಳಿ. ಆಗಸ್ಟ್ 9ಕ್ಕೆ ತಿರುವನಂತಪುರದಲ್ಲಿ ವಿ.ಎಸ್. ಅಚ್ಯುತಾನಂದನ್ ಸರ್ಕಾರ ಇಡೀ ರಾಜ್ಯದಲ್ಲಿ ಕೋಕ್, ಪೆಪ್ಸಿಗಳ ತಯಾರಿಕೆ ಮತ್ತು ಮಾರಾಟಕ್ಕೆ ನಿಷೇಧ ಘೋಷಿಸಿತು. ಸೆಪ್ಟೆಂಬರ್ 22ಕ್ಕೆ ಕೊಚ್ಚಿಯಲ್ಲಿ ಕೇರಳ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹೀಗೆ ನಿಷೇಧಿಸೋ ಅಧಿಕಾರ ಕೇಂದ್ರದ್ದು, ರಾಜ್ಯದ್ದಲ್ಲ ಅಂತ. ಆರು ವಾರದ ಆಯುಷ್ಯ, ಅಷ್ಟೇ.

‘ಇದಕ್ಕೂ ಹಣ್ಣಿನ ರಸಕ್ಕೂ ಏನಪ್ಪಾ ಸಂಬಂಧ’ ಅಂತೀರಾ? ಇದೆ. 2003ರಲ್ಲಿ ಇದೇ ಗಲಾಟೆಯ ಮೊದಲ ಸುತ್ತು ನಡೆದಾಗ ಶರದ್ ಪವಾರ್ ಅಧ್ಯಕ್ಷತೆಯಲ್ಲಿ ಸಂಸತ್ತಿನ ಜಂಟಿ ಸಮಿತಿ ಕೂತಿತು. ಆ ಸಮಿತಿಯ ಹೆಸರಲ್ಲೇ ‘ತಂಪು ಪಾನೀಯ, ಹಣ್ಣಿನ ರಸ ಮತ್ತು ಇತರ ಪಾನೀಯಗಳು’ ಅಂತ ಇತ್ತು. ಆಗ ಕೇಂದ್ರ ಸರ್ಕಾರ ಸ್ಯಾಂಪಲ್ ಕಳಿಸಿದ್ದು ಎರಡು ಲ್ಯಾಬಿಗೆ. ಒಂದು ಕೋಲ್ಕತ್ತಾದ್ದು, ಇನ್ನೊಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಸಂಸ್ಥೆ. ಇದರ ತಮಾಷೆ ಏನಂದ್ರೆ, 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋದಾಗ ಅದರ ಜಾಗಕ್ಕೆ ‘ಡಬಲ್ ಸೆವೆನ್’ ಅನ್ನೋ ಸರ್ಕಾರಿ ಕೋಲಾದ ಸೂತ್ರ ಮಾಡಿಕೊಟ್ಟಿದ್ದೂ ಇದೇ ಸಿಎಫ್‌ಟಿಆರ್‌ಐ!

ಕೊಚ್ಚಿಯ ತೀರ್ಪು ಅಧಿಕಾರದ ಪ್ರಶ್ನೆ ಮೇಲೆ ಬಂತು, ಸರಿ. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಒಂದು ಪಾನೀಯ ಕೆಟ್ಟದ್ದು ಅಂತ ಹೇಳೋದು ಯಾವ ಅಳತೆಗೋಲಿನಿಂದ? ಆ ಅಳತೆಗೋಲು ನಿಜವಾಗಿ ಅಳೆಯೋದು ಏನನ್ನ?

ಸ್ವಲ್ಪ ಹಿಂದಕ್ಕೆ ಹೋಗೋಣ. 1918ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕಲಬೆರಕೆ ತಡೆ ಕಾಯ್ದೆ ಬಂತು. ಆಗ ಫೋರ್ಟ್ ಕೊಚ್ಚಿ ಬ್ರಿಟಿಷರ ಮಲಬಾರ್ ಜಿಲ್ಲೆಗೆ ಸೇರಿತ್ತು, ಅಂದ್ರೆ ಮದ್ರಾಸ್ ಪ್ರಾಂತ್ಯ. ನಮ್ಮ ಮಂಗಳೂರು, ಕಾಸರಗೋಡು ಕೂಡ ಅದೇ ಪ್ರಾಂತ್ಯ. ಫೋರ್ಟ್ ಕೊಚ್ಚಿಯಿಂದ ನಡೆದೇ ಹೋಗಬಹುದಾದ ಮಟ್ಟಾಂಚೇರಿ ಮಾತ್ರ ಕೊಚ್ಚಿ ಮಹಾರಾಜರದ್ದು. ತಿರುವನಂತಪುರ ತಿರುವಾಂಕೂರಿನದ್ದು. ರಸ್ತೆ ದಾಟಿದರೆ ಕಾನೂನು ಬೇರೆ! ಇಡೀ ದೇಶಕ್ಕೆ ಒಂದೇ ಕಾಯ್ದೆ ಅಂತ ಜಾರಿಗೆ ಬಂದಿದ್ದು 1955ರ ಜೂನ್ 1ಕ್ಕೆ, ಕೇರಳ ರಾಜ್ಯ ಹುಟ್ಟೋಕೆ ಒಂದೂವರೆ ವರ್ಷ ಮೊದಲು. ಅದೇ 1955ರಲ್ಲಿ ಹಣ್ಣಿನ ಪದಾರ್ಥಗಳಿಗೇ ಅಂತ ಬೇರೆ ಆದೇಶ ಬಂತು: ಫ್ರೂಟ್ ಪ್ರಾಡಕ್ಟ್ಸ್ ಆರ್ಡರ್, ಎಫ್‌ಪಿಒ. ಹಳೇ ಜಾಮ್ ಬಾಟಲಿ ಮೇಲೆ ಆ ಮೂರು ಅಕ್ಷರದ ಮುದ್ರೆ ನೋಡಿರ್ತೀರಿ. ಸ್ಕ್ವಾಷ್ ಅಂದ್ರೆ ಕನಿಷ್ಠ 25% ರಸ, ಹಾಗೇ ಕುಡಿಯೋ ಹಣ್ಣಿನ ಪಾನೀಯಕ್ಕೆ 10% ಸಾಕು, ಹೀಗೆಲ್ಲ ಲೆಕ್ಕ ಹುಟ್ಟಿದ್ದು ಈ ವ್ಯವಸ್ಥೆಯಲ್ಲಿ. ಅಂದ್ರೆ ಉಳಿದ 90% ನೀರು, ಸಕ್ಕರೆ ಇದ್ದರೆ ಅದು ಕಲಬೆರಕೆ ಅಲ್ಲ, ಕಾನೂನುಬದ್ಧ! ಮಾತಾಡೋ ಮೊದಲು ಇದು ಗೊತ್ತಿರಬೇಕು.

ಈಗ ಲ್ಯಾಬಿಗೆ ಬರೋಣ. ತಿರುವನಂತಪುರದ ಸರ್ಕಾರಿ ಅನಲಿಸ್ಟ್ ಲ್ಯಾಬೋ, ಕೊಚ್ಚಿ ಪಕ್ಕದ ಕಾಕ್ಕನಾಡಿನ ಪ್ರಾದೇಶಿಕ ಲ್ಯಾಬೋ, ಯಾವುದೇ ಆಗಲಿ, ಇಂಥ ಕಡೆ ರಸ ಬಂದರೆ ನೋಡೋ ಮೊದಲ ಅಂಕಿಗಳಲ್ಲಿ ಬ್ರಿಕ್ಸ್ ಒಂದು. ಒಂದು ಹನಿ ರಸವನ್ನು ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಬಿಟ್ಟು ಬೆಳಕು ಎಷ್ಟು ಬಾಗುತ್ತೆ ಅಂತ ನೋಡಿದರೆ ಕರಗಿರೋ ಘನಪದಾರ್ಥ ಎಷ್ಟು ಅಂತ ಸಿಗುತ್ತೆ. ಸಾಂದ್ರದಿಂದ ಮತ್ತೆ ನೀರು ಬೆರೆಸಿ ಮಾಡಿದ ಕಿತ್ತಳೆ ರಸ 11.2, ಅನಾನಸ್ 12.8 ಇರಬೇಕು ಅನ್ನೋದು ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡ. ರಸಕ್ಕೆ ಬರೀ ನೀರು ಹಾಕಿದವನು ಇಲ್ಲಿ ಸಿಕ್ಕಿಬೀಳ್ತಾನೆ. ನೀರಿನ ಜೊತೆ ಸಕ್ಕರೆನೂ ಹಾಕಿದವನು ಆರಾಮಾಗಿ ಪಾಸ್. ಯಾಕಂದ್ರೆ ಆ ಯಂತ್ರ ಹಣ್ಣನ್ನು ಅಳೆಯೋದಿಲ್ಲ, ಸಿಹಿಯನ್ನ ಅಳೆಯುತ್ತೆ.

ಸರಿ, ಹಾಗಾದ್ರೆ ಅಮೈನೋ ಆಮ್ಲ ಅಳೆಯೋಣ, ಸಕ್ಕರೆಯಲ್ಲಿ ಅದು ಇರಲ್ಲ ಅಂದ್ರು. ಫಾರ್ಮಾಲ್ ಸಂಖ್ಯೆ ಅಂತ ಆ ಪರೀಕ್ಷೆಗೆ ಹೆಸರು. ಕಳ್ಳರು ಅಗ್ಗದ ಗ್ಲೈಸಿನ್ ತಂದು ಸುರಿದರು. ಪೊಟ್ಯಾಸಿಯಂ ನೋಡೋಣ ಅಂದ್ರೆ ಪೊಟ್ಯಾಸಿಯಂ ಲವಣ ಹಾಕಿದರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರೋ ಜನ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇದು ದಿನಾ ನಡೆಯೋ ವಿಷಯ: ಟೆಸ್ಟ್ ಕೇಸ್ ಏನು ಅಂತ ಮೊದಲೇ ಗೊತ್ತಿದ್ದರೆ, ಆ ಟೆಸ್ಟ್ ಪಾಸ್ ಆಗೋಕೆ ಬೇಕಾದಷ್ಟೇ ಕೋಡ್ ಬರೆಯಬಹುದು. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಹಾಕಿದ್ದೂ ಇದೇ ಲೆಕ್ಕ. ಪರೀಕ್ಷೆ ಪ್ರೋಟೀನ್ ಬದಲು ಸಾರಜನಕ ಎಣಿಸ್ತಿತ್ತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕಂದಮ್ಮಗಳು ಸತ್ತವು.

ಈ ಓಟದಲ್ಲಿ ವಿಜ್ಞಾನಿಗಳು ಒಂದು ದೊಡ್ಡ ಹೆಜ್ಜೆ ಮುಂದೆ ಹೋಗಿದ್ದು 1980ರ ಆಸುಪಾಸಿನಲ್ಲಿ. ಗಾಳಿಯ ಇಂಗಾಲದಲ್ಲಿ ಎರಡು ತೂಕದ ಪರಮಾಣು ಇವೆ, 12 ಮತ್ತು 13. ಸೇಬು, ಕಿತ್ತಳೆ, ಮಾವಿನಂಥ ಗಿಡಗಳು ಭಾರದ 13ನ್ನು ಕಡಿಮೆ ತಗೊಳ್ತವೆ. ಇವಕ್ಕೆ ಸಿ-3 ಅಂತಾರೆ. ಕಬ್ಬು, ಮೆಕ್ಕೆಜೋಳ ಸಿ-4 ಗಿಡಗಳು, ಅವುಗಳಲ್ಲಿ 13 ಜಾಸ್ತಿ. ಮಾಪಕದಲ್ಲಿ ಸೇಬಿನ ರಸ ಸುಮಾರು ಮೈನಸ್ 25, ಜೋಳದ ಪಾಕ ಸುಮಾರು ಮೈನಸ್ 10. ರಸಕ್ಕೆ ಜೋಳದ ಪಾಕ ಬೆರೆಸಿದರೆ ಅಂಕಿ ನಡುವೆ ಬಂದು ನಿಲ್ಲುತ್ತೆ. ಸಕ್ಕರೆ ಅಣುವಿನೊಳಗೇ ಅದರ ಊರು ಬರೆದಂತೆ!

ಇದರ ಅತಿ ದೊಡ್ಡ ಬೇಟೆ ಅಮೆರಿಕದ ಬೀಚ್-ನಟ್. ಶಿಶುಗಳಿಗೆ ‘100% ಸೇಬಿನ ರಸ’ ಅಂತ ಮಾರಿದ್ದರಲ್ಲಿ ಇದ್ದದ್ದು ಬಹುಪಾಲು ಸಕ್ಕರೆ ಪಾಕ, ನೀರು, ಬಣ್ಣ, ರುಚಿ. ಅವರು ಕೊಳ್ತಿದ್ದ ಸಾಂದ್ರದ ಬೆಲೆ ಮಾರುಕಟ್ಟೆಗಿಂತ ಐದನೇ ಒಂದು ಭಾಗದಷ್ಟು ಅಗ್ಗ. ಕಂಪನಿಯ ಸ್ವಂತ ಸಂಶೋಧನಾ ಮುಖ್ಯಸ್ಥ ಜೆರೋಮ್ ಲಿಕಾರಿ 1981ರಲ್ಲಿ ಬರೆದು ಎಚ್ಚರಿಸಿದ, ಯಾರೂ ಕೇಳಲಿಲ್ಲ, ಕೆಲಸ ಬಿಟ್ಟ. 1987ರಲ್ಲಿ ಕಂಪನಿ 215 ಆರೋಪಗಳನ್ನ ಒಪ್ಪಿಕೊಂಡು 20 ಲಕ್ಷ ಡಾಲರ್ ದಂಡ ಕಟ್ಟಿತು. ಇದರ ನಡುವೆ ಕಳ್ಳರು ಬೀಟ್ ಸಕ್ಕರೆಗೆ ಬದಲಾಗಿದ್ದರು. ಬೀಟ್ ಕೂಡ ಸಿ-3 ಗಿಡ, ಇಂಗಾಲದ ಪರೀಕ್ಷೆಗೆ ಕಾಣಲ್ಲ!

ಈಗ ವಾಪಸ್ ಕೊಚ್ಚಿಗೆ. ಅಲ್ಲಿಂದ ಪೂರ್ವಕ್ಕೆ, ಮೂವಾಟ್ಟುಪುಳ ದಾಟಿ ಹೋದರೆ ವಾಳಕ್ಕುಳಂ. ಕೇರಳದ ಅನಾನಸ್ ರಾಜಧಾನಿ. 2009ರಲ್ಲಿ ಅಲ್ಲಿನ ಹಣ್ಣಿಗೆ ಜಿಐ ಮಾನ್ಯತೆ ಸಿಕ್ಕಿದೆ. ಪಕ್ಕದ ನಡುಕ್ಕರದಲ್ಲಿ ಐರೋಪ್ಯ ಒಕ್ಕೂಟದ ನೆರವಿನ ತೋಟಗಾರಿಕಾ ಯೋಜನೆಯಲ್ಲಿ ಎದ್ದ ಸಂಸ್ಕರಣಾ ಘಟಕ ಇದೆ. ಈ ಊರಿನ ಅನಾನಸ್ ರಸಕ್ಕೆ ಯಾರಾದರೂ ಕಬ್ಬಿನ ಸಕ್ಕರೆ ಬೆರೆಸಿದರು ಅಂತಿಟ್ಕೊಳ್ಳಿ. ಇಂಗಾಲದ ಪರೀಕ್ಷೆ ಹಿಡಿಯುತ್ತಾ?

ಹಿಡಿಯಲ್ಲ. ಅನಾನಸ್ ಸಿ-3 ಕೂಡ ಅಲ್ಲ, ಸಿ-4 ಕೂಡ ಅಲ್ಲ. ಕಳ್ಳಿಯ ಥರ ಅದು ಮೂರನೇ ಜಾತಿ, ಕ್ಯಾಮ್ ಅಂತಾರೆ. ಹಗಲಿನ ಬಿಸಿಲಲ್ಲಿ ನೀರು ಹೋಗಬಾರದು ಅಂತ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದು, ಇಂಗಾಲವನ್ನ ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗ್ಗೆ ಸಕ್ಕರೆ ಮಾಡುತ್ತೆ. ಇದರಿಂದ ಅದರ ಅಂಕಿ ಮೈನಸ್ 12, 13ರ ಹತ್ತಿರ ಬರುತ್ತೆ. ಕಬ್ಬಿನದ್ದು ಮೈನಸ್ 11, 12. ಎರಡೂ ಒಂದರ ಮೇಲೊಂದು ಕೂತುಬಿಡ್ತವೆ. ಅಂದ್ರೆ ಕಿತ್ತಳೆ, ಸೇಬನ್ನ ಕಾಪಾಡಿದ ಪರೀಕ್ಷೆ ಕೇರಳದ ಹೆಮ್ಮೆಯ ಹಣ್ಣಿನ ಮುಂದೆ ಕುರುಡು. ಅದೂ ಭಾರತದಲ್ಲಿ, ಕಬ್ಬಿನ ಸಕ್ಕರೆಯೇ ಅತಿ ಸುಲಭವಾಗಿ ಸಿಗೋ ಕಡೆ. ನಷ್ಟ ಕುಡಿಯೋರಿಗಷ್ಟೇ ಅಲ್ಲ. ಸಕ್ಕರೆ ನೀರು ರಸ ಅಂತ ಪಾಸ್ ಆದಷ್ಟೂ, ಕಾರ್ಖಾನೆ ಬಾಗಿಲಲ್ಲಿ ವಾಳಕ್ಕುಳಂ ರೈತನ ಹಣ್ಣು ಅಷ್ಟು ಕಡಿಮೆ ಬೇಕಾಗುತ್ತೆ. 2020ರ ಲಾಕ್‌ಡೌನಲ್ಲಿ ಲಾರಿ ನಿಂತು ಬೆಲೆ ಬಿದ್ದಾಗ ಕಾರ್ಖಾನೆಯೇ ಗತಿ ಅಂತ ಕಾದವರು ಅವರು.

ಹಾಗಾದ್ರೆ ಉಪಾಯ? ಒಂದೇ ಅಂಕಿ ನಂಬೋದನ್ನ ಬಿಟ್ಟರು. ಯುರೋಪಿನ ರಸ ತಯಾರಕರ ಸಂಘ ಎಐಜೆಎನ್ ಪ್ರತಿ ಹಣ್ಣಿಗೂ ಒಂದು ಜಾತಕ ಮಾಡಿಟ್ಟಿದೆ: ಸಿಟ್ರಿಕ್ ಎಷ್ಟು, ಮ್ಯಾಲಿಕ್ ಎಷ್ಟು, ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಯಾವ ಪ್ರಮಾಣದಲ್ಲಿ, ಪೊಟ್ಯಾಸಿಯಂ, ಅಮೈನೋ ಆಮ್ಲ, ಎಲ್ಲ. ಒಂದೆರಡು ಅಂಕಿ ಹೊಂದಿಸೋದು ಸುಲಭ. ಇಪ್ಪತ್ತನ್ನೂ ಒಟ್ಟಿಗೆ ಹೊಂದಿಸೋ ಹೊತ್ತಿಗೆ ಆ ಮಿಶ್ರಣ ಅಸಲಿ ರಸಕ್ಕಿಂತ ದುಬಾರಿ ಆಗಬಹುದು. ನನ್ನ ದೃಷ್ಟಿಯಲ್ಲಿ ಪರೀಕ್ಷೆಯ ಕೆಲಸವೇ ಅದು, ಕಳ್ಳತನವನ್ನ ನಷ್ಟದ ವ್ಯಾಪಾರ ಮಾಡೋದು. ಅದಕ್ಕಿಂತ ಅಗ್ಗದ ಇನ್ನೊಂದು ಪರೀಕ್ಷೆ ಲೆಕ್ಕದ ಪುಸ್ತಕ: ಎಷ್ಟು ಟನ್ ಹಣ್ಣು ಒಳಗೆ ಬಂತು, ಎಷ್ಟು ಲೀಟರ್ ರಸ ಹೊರಗೆ ಹೋಯ್ತು, ಸಕ್ಕರೆ ಬಿಲ್ ಎಷ್ಟು, ಯಾವ ಬೆಲೆಗೆ ಕೊಂಡರು. ಬೀಚ್-ನಟ್ ವಿಷಯದಲ್ಲೂ ಬೆಲೆ ಮೊದಲೇ ಕೂಗಿ ಹೇಳ್ತಿತ್ತಲ್ವಾ?

ಕಾನೂನೂ ನಿಧಾನಕ್ಕೆ ಆ ಕಡೆ ಬಂದಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ಮೊದಲು ಸ್ಯಾಂಪಲ್ ಮೂರು ಭಾಗ ಮಾಡ್ತಿದ್ರು, ಈಗ ನಾಲ್ಕು. ವರದಿ 14 ದಿನದಲ್ಲಿ ಬರಬೇಕು. ರಸಕ್ಕೆ ಕೆಜಿಗೆ 15 ಗ್ರಾಂ ಮೀರಿ ಸಕ್ಕರೆ ಸೇರಿಸಿದರೆ ‘ಸಿಹಿಗೊಳಿಸಿದ ರಸ’ ಅಂತ ಬರೆಯಲೇಬೇಕು. 2024ರ ಜೂನಲ್ಲಿ ಎಫ್‌ಎಸ್‌ಎಸ್‌ಎಐ ಇನ್ನೊಂದು ಮಾತು ಹೇಳ್ತು: ಸಾಂದ್ರಕ್ಕೆ ನೀರು ಬೆರೆಸಿ ಮಾಡಿದ ರಸದ ಡಬ್ಬಿ ಮೇಲಿಂದ, ಜಾಹೀರಾತಿಂದ ‘100% ಹಣ್ಣಿನ ರಸ’ ಅನ್ನೋದನ್ನ ತೆಗೀರಿ ಅಂತ.

ರಸ್ತೆ ಬದಿಯ ಜ್ಯೂಸ್ ಅಂಗಡಿಗೆ ಈ ಐಸೊಟೋಪ್ ಯಾವುದೂ ಬೇಕಿಲ್ಲ. ಅಲ್ಲಿನ ಭಯ ಐಸ್. ಮೀನಿಗೆ ಹಾಕೋ ಐಸ್ ಗ್ಲಾಸಿಗೆ ಬರಬಾರದು ಅಂತ, ತಿನ್ನಲಾಗದ ಐಸಿಗೆ ನೀಲಿ ಬಣ್ಣ ಹಾಕಬೇಕು ಅನ್ನೋ ನಿಯಮ 2018ರ ಜೂನಿಂದ ಇದೆ. ಕೊಚ್ಚಿಯಂಥ ಬಂದರು ಊರಲ್ಲಿ ಕುಲುಕ್ಕಿ ಸರ್ಬತ್ ಕುಡಿಯೋಕೆ ನಿಂತಾಗ ಐಸಿನ ಬಣ್ಣ ಒಮ್ಮೆ ನೋಡಿ. ಇದಕ್ಕೆ ಯಾವ ಲ್ಯಾಬೂ ಬೇಕಿಲ್ಲ.

ಮುಂದಿನ ವಾರ ಜೇನು. ಅಲ್ಲೂ ಇದೇ ಸಿ-3, ಸಿ-4 ಆಟ, ಕಬ್ಬಿನ ಬದಲು ಅಕ್ಕಿಯ ಪಾಕ.